ಮನಸ್ಸು ಓದುವ ಅಕ್ಕ ಮತ್ತು ಒಂದು ಕರಿ ಟೋಪಿ

ನಾನು ಚಿಕ್ಕವಳಿದ್ದಾಗ, ನಮ್ಮ ಅಕ್ಕ ಮಂದಿಯ ಮನಸ್ಸು ಓದುತ್ತಾಳೆಂದು ಅಬ್ಬಿಗೇರಿಯ ನಮ್ಮ ಓಣಿಯೆಲ್ಲ ನಂಬಿತ್ತು. ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅಕ್ಕ ಅಡಿಗೆಮನೆಗೆ ಹೋಗಬೇಕು. ಪಡಸಾಲೆಯಲ್ಲಿದ್ದವರು ಅಲ್ಲಿನ ಯಾವುದೋ ಒಂದು ಸಾಮಾನನ್ನು ಮನಸ್ಸಿನಲ್ಲಿ ಹಿಡಿದು ನನ್ನ ಕಿವಿಯಲ್ಲಿ ಹೇಳಬೇಕು. ಅಕ್ಕ ಬಂದ ಮೇಲೆ ನಾನು ಒಂದೊಂದನ್ನೇ ಮುಟ್ಟಿ "ಇದೇನ?" ಎನ್ನುತ್ತಿದ್ದೆ. ಆಕೆ ಅಲ್ಲ, ಅಲ್ಲ ಎನ್ನುತ್ತ ಹೋಗಿ ಸರಿಯಾದದ್ದಕ್ಕೆ ಹೌದು ಎನ್ನುತ್ತಿದ್ದಳು. ನಾನು ಕಪ್ಪು ಬಣ್ಣದ್ದನ್ನು ಮುಟ್ಟಿದರೆ, ಅದಾದ ಮೇಲೆ ಮುಟ್ಟುವುದೇ ಉತ್ತರ. ಅಷ್ಟೇ! ಇಷ್ಟಕ್ಕೇ ಓಣಿಯ ಹೆಂಗಸರು ಅಕ್ಕನ ಎದುರಿಗೆ ಏನನ್ನಾದರೂ ನೆನೆಸಲೂ ಹೆದರುತ್ತಿದ್ದರು.

ಇಂಥ ಅಕ್ಕನಿಗೆ ಹೊಸಬರ ಮುಂದೆ ಮಾತ್ರ ಬಾಯೇ ಏಳುತ್ತಿರಲಿಲ್ಲ. ಆಕೆಯನ್ನು ನೋಡಲು ಬಂದ ಎರಡು ಕಡೆಯವರು "ಹುಡುಗಿ ಮೂಕಿ ಇದ್ದಂಗ ಐತಿ" ಎಂದು ಎದ್ದು ಹೋಗಿದ್ದರು. ಈಗ ಗಜೇಂದ್ರಗಡದಿಂದ ಮೂರನೆಯವರು ಬರುವವರಿದ್ದರು. "ಈ ಸಲನೂ ಬಾಯಿ ಬಿಡಲಿಲ್ಲಂದ್ರ ಹ್ಯಾಂಗವಾ?" ಎಂದು ಅವ್ವ ಕಣ್ಣೀರು ಹಾಕಿದಳು.

ಅತ್ತು ಮುಗಿಸಿದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಒಳ್ಳೆಯ ಕೆಲಸಕ್ಕೆ ಕಪ್ಪು ಎದುರಾಗಬಾರದೆಂದು ಪಡಸಾಲೆಯ ಕರಿ ಕಂಬಳಿ, ಮಸಿ ಹಿಡಿದ ಕಂದೀಲು, ಅಪ್ಪನ ಛತ್ರಿ ಎಲ್ಲವನ್ನೂ ಹಿತ್ತಲಿಗೆ ಸಾಗಿಸಿದಳು. ನಮ್ಮ ಕರಿ ಬೆಕ್ಕನ್ನೂ ಅಲ್ಲೇ ಬುಟ್ಟಿಯಡಿ ಮುಚ್ಚಿದಳು. ಅದು ಒಳಗಿಂದಲೇ ಎಲ್ಲರನ್ನೂ ಬೈಯುತ್ತಿತ್ತು.

ಗಂಡು ಮತ್ತು ಅವನ ತಾಯಿ ಬಂದು ಜಮಖಾನೆಯ ಮೇಲೆ ಕುಳಿತರು. ಒಗ್ಗರಣೆ ಅವಲಕ್ಕಿಯ ಘಮ ಬೀದಿಗೂ ಹೋಗಿತ್ತು. ಗಂಡು ತಲೆ ಎತ್ತದೆ ತಿಂದ. ಅಕ್ಕ ತಲೆ ಎತ್ತದೆ ಕುಳಿತಳು.

"ಏನೇನ ಅಡಿಗಿ ಮಾಡ್ತೀಯವಾ?" ಎಂದು ಗಂಡಿನ ತಾಯಿ ಕೇಳಿದಳು. ಅಕ್ಕ ಜಮಖಾನೆಯ ಎಳೆ ಕೀಳುತ್ತಿದ್ದಳು.

"ಹುಡುಗಿಗೆ ಮಾತ ಬರ್ತಾವಿಲ್ರೀ?"

ಅಪ್ಪ ಗಾಬರಿಯಾದ. ಪಾಪ, ಅವನೂ ಆಟವನ್ನು ಖರೇ ಎಂದೇ ನಂಬಿದವನು. "ಮಾತೇನ್ರೀ, ನಿಮ್ಮ ಮನಸ್ಸಿನ್ಯಾಗ ಇದ್ದದ್ದನೂ ಹೇಳ್ತಾಳ!" ಎಂದುಬಿಟ್ಟ.

"ಹೌದ? ಹಂಗಾರ ಹೇಳಲಿ, ನೋಡೂಣು."

ಅಕ್ಕ ಒಳಗೆ ಹೋದಳು. ಆ ತಾಯಿ ನನ್ನನ್ನು ಎಳೆದುಕೊಂಡು, ಎಲೆ ಅಡಿಕೆಯ ಉಸಿರಿನಲ್ಲಿ "ತಂಬಿಗಿ" ಎಂದಳು. ಅಕ್ಕ ಬಂದು ಕುಳಿತಳು. ನಾನು ತಾಟು ಮುಟ್ಟಿದೆ, ಮಣೆ ಮುಟ್ಟಿದೆ, ಕಂಬ ಮುಟ್ಟಿದೆ. ಪ್ರತಿ ಸಲವೂ ಅಕ್ಕ ಬಾಯಿ ಬಿಡದೆ ತಲೆಯನ್ನಷ್ಟೇ ಅಲ್ಲಾಡಿಸಿದಳು. ಇನ್ನು ಕಪ್ಪು ಮುಟ್ಟಬೇಕು ಎಂದು ತಿರುಗಿದರೆ ಪಡಸಾಲೆಯಲ್ಲಿ ಕಪ್ಪೇ ಇಲ್ಲ! ಕಪ್ಪಾದದ್ದೆಲ್ಲ ಬೆಕ್ಕಿನ ಜೊತೆ ಹಿತ್ತಲಿನಲ್ಲಿತ್ತು.

ಆಗ ಗಂಡಿನ ಕರಿ ಟೋಪಿ ಕಂಡಿತು. ಅವನ ತಲೆಯ ಮೇಲಿನದನ್ನು ಅವ್ವ ಹಿತ್ತಲಿಗೆ ಕಳಿಸುವಂತಿರಲಿಲ್ಲವಲ್ಲ. ನಾನು ಓಡಿಹೋಗಿ ಟೋಪಿಯ ಮೇಲೆ ಕೈಯಿಟ್ಟೆ. "ಅಕ್ಕಾ, ಈ ಟೋಪಿ ಏನ?"

ಬಣ್ಣ ನೋಡಲು ಅಕ್ಕ ತಲೆ ಎತ್ತಲೇಬೇಕಾಯಿತು. ಟೋಪಿಯ ಕೆಳಗೆ ಗಂಡಿನ ಮುಖವೂ ಇತ್ತು, ಮೀಸೆಗೆ ಒಂದು ಅವಲಕ್ಕಿ ಅಂಟಿತ್ತು. ಅವನೂ ಆಗಲೇ ಆಕೆಯನ್ನು ನೋಡಿದ. ಅಕ್ಕ ಅಲ್ಲ ಎನ್ನಬೇಕಿತ್ತು.

"ಹೌದ್ರೀ," ಎಂದಳು. ಹಿತ್ತಲಿಗೂ ಕೇಳಿಸಿತು. ಬೆಕ್ಕು ಸಹ ಸುಮ್ಮನಾಯಿತು.

ನಾನು "ತಂಬಿಗಿ, ಅಕ್ಕಾ, ತಂಬಿಗಿ" ಎಂದು ಪಿಸುಗುಟ್ಟಿದೆ. ಯಾರಿಗೆ ಬೇಕಾಗಿತ್ತು? ಗಂಡಿನ ತಾಯಿ ಅಡಿಕೆ ನೆತ್ತಿಗೇರುವಷ್ಟು ನಕ್ಕಳು. "ನಾ ಹಿಡದಿದ್ದು ತಂಬಿಗಿರೀ! ನನ್ನ ಮನಸ್ಸು ಆಕೀಗೆ ತಿಳೀಲಿಲ್ಲ, ಆಕೀ ಮನಸ್ಸು ನನಗ ತಿಳೀತು. ಲಗೂನ ಸಕ್ಕರಿ ತರ್ರಿ!"

ಮರುದಿನ ಶಾಲೆಯಲ್ಲಿ ಇದನ್ನೆಲ್ಲ ಹೇಳಿದೆ. ಹೇಳಿದಾಗಲೆಲ್ಲ ಮೀಸೆಯ ಅವಲಕ್ಕಿ ಹೆಚ್ಚಿತು, ಬುಟ್ಟಿಯ ಬೆಕ್ಕು ಹುಲಿಯಾಗುವುದಷ್ಟೇ ಬಾಕಿ ಉಳಿಯಿತು. ಯಾರನ್ನು ಕಂಡರೂ ಇವರ ಮನಸ್ಸಿನಲ್ಲಿ ಏನಿದ್ದೀತು ಎಂದು ಊಹಿಸುವ ಚಟ ನನಗೆ ಅಂಟಿದ್ದು ಆಗಲೇ. ನಿಮಗಾಗಿ ಬರೆಯುವ ಕಥೆಗಳೆಲ್ಲ ಆ ಚಟದ ಮಕ್ಕಳು.

ನಿಮ್ಮ ಫೋನು ಭಾಳ ಜಾಣ, ಮೊಮ್ಮಕ್ಕಳೇ. ನೀವು ಎರಡಕ್ಷರ ಒತ್ತುವಷ್ಟರಲ್ಲಿ ಉಳಿದದ್ದನ್ನು ತಾನೇ ಹೇಳುತ್ತದೆ. ಹಾಗಾದರೆ ಅದನ್ನು ಕೇಳಿ ನೋಡಿ: ಅಕ್ಕ ಅಂದು ತಪ್ಪಿ ಹೌದೆಂದಳೋ, ಬೇಕೆಂದೇ ಹೌದೆಂದಳೋ? ಗಜೇಂದ್ರಗಡಕ್ಕೆ ಹೋದಾಗಲೆಲ್ಲ ನಾನು ಅಕ್ಕನನ್ನೇ ಕೇಳುತ್ತೇನೆ. ಆಕೆ ಗೂಟದ ಮೇಲಿನ ಹಳೆಯ ಟೋಪಿಯನ್ನೊಮ್ಮೆ ನೋಡುತ್ತಾಳೆ. ಸೆರಗು ಬಾಯಿಗಿಟ್ಟು ನಗುತ್ತಾಳೆ.

"ಕಥಿ ಬರಿಯಾಕಿ ನೀನ ಅಲ್ಲೇನ? ನೀನ ಹೇಳು," ಎನ್ನುತ್ತಾಳೆ.