ಬಿಸಿ ತಪ್ಪಲೆಗೆ ಒಣ ಧಾಬಳಿ

ಪುಟ್ಟಾ, ಪುಟ್ಟಿ, ಅಜ್ಜಿ ಅಡುಗೆ ಮಾಡುತ್ತಿದ್ದಳು ಎಂದಷ್ಟೇ ನಿಮಗೆ ಗೊತ್ತು. ಕಾಶಿಯ ಹನುಮಾನ್ ಘಾಟಿನ ಓಣಿಯಲ್ಲಿ, ನಮ್ಮ ಕಡೆಯ ಯಾತ್ರಿಕರು ಇಳಿದುಕೊಳ್ಳುವ ಛತ್ರದಲ್ಲಿ ನಾನು ಮಾಡಿದ ಒಂದು ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಬಾಯಿಬಿಟ್ಟು ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಮಡಿಯ ಅಡುಗೆ. ಒಣಗಿದ ಹತ್ತಿ ಬಟ್ಟೆಯನ್ನು ಯಾರಾದರೂ ಮುಟ್ಟಿರಬಹುದೆಂದು, ತಪ್ಪಲೆ ಇಳಿಸಲು ಆಗತಾನೇ ಹಿಂಡಿದ ಒದ್ದೆ ಬಟ್ಟೆಯನ್ನೇ ಹಿಡಿಯಬೇಕಿತ್ತು. ಒದ್ದೆ ಬಟ್ಟೆಯಲ್ಲಿ ಕಾವು ಬೇಗ ಕೈಗೆ ಹತ್ತುತ್ತದೆ. ನಮ್ಮೆಲ್ಲರ ಅಂಗೈಯಲ್ಲೂ ಸುಟ್ಟ ಕಲೆಗಳು. ಒಂದು ಬೆಳಿಗ್ಗೆ ನನ್ನ ಜೊತೆ ಅನ್ನ ಬಸಿಯುತ್ತಿದ್ದ, ನಾನು ಅಕ್ಕ ಎನ್ನುತ್ತಿದ್ದ ಅಡುಗೆಯವರು ಕಾವು ತಾಳದೆ ಕೈಬಿಟ್ಟರು. ಕುದಿಯುವ ಗಂಜಿ ಅವರ ಪಾದದ ಮೇಲೆ ಚೆಲ್ಲಿತು.

ದವಾಖಾನೆಯ ಬೆಂಚಿನಲ್ಲಿ ನಮ್ಮ ಪಕ್ಕ ದೋಣಿಯವನೊಬ್ಬ ಭುಜ ಹಿಡಿದುಕೊಂಡು ಕೂತಿದ್ದ. ಆಚೆಗೆ ಮಣಿಕರ್ಣಿಕೆಯ ಚಿತೆಗಳಿಗೆ ಸೌದೆ ಹೊರುವವನು. ಕೊರಡು ಬಿದ್ದು ಕಾಲ್ಬೆರಳು ಜಜ್ಜಿಹೋಗಿತ್ತು. ಸೀರೆ ನೇಯುವವನೊಬ್ಬನ ಬೆರಳಿಗೆ ರಕ್ತದ ಬಟ್ಟೆ ಸುತ್ತಿತ್ತು. ಹೇಗಾಯಿತೆಂದು ನರ್ಸಮ್ಮ ಕೇಳಿದರೆ ಎಲ್ಲರದೂ ಒಂದೇ ಮಾತು: ನಮ್ಮ ಕೆಲಸದಲ್ಲಿ ಇದು ಆಗುವುದೇ. ಅಕ್ಕನೂ ನಗುತ್ತಾ ಹಾಗೇ ಅಂದರು. ಆ ನಗು ನನಗೆ ಸಹಿಸಲಾಗಲಿಲ್ಲ. ಪದೇ ಪದೇ ಆಗುತ್ತದೆ ಎಂದ ಮಾತ್ರಕ್ಕೆ ಆಗಲೇಬೇಕೇ? ಗಾಯ ಮಾಗಿದ ಮೇಲೆ ಅವರು ಮತ್ತೆ ಅದೇ ತಪ್ಪಲೆ ಹಿಡಿಯಬೇಕಿತ್ತು. ಬೇರೆ ಕೆಲಸ ಅವರಿಗೆ ತಿಳಿಯದು.

ಚಳಿಗಾಲದಲ್ಲಿ ಮಡಿಗೆಂದು ಉಡುತ್ತಿದ್ದ ನನ್ನ ಹಳೆಯ ಧಾಬಳಿ ನೆನಪಾಯಿತು. ಉಣ್ಣೆಯದು, ಒಣಗಿದ್ದರೂ ಅದಕ್ಕೆ ಮೈಲಿಗೆಯಿಲ್ಲ. ಕತ್ತರಿಸಿ, ಮಡಚಿ, ದಪ್ಪಗೆ ಹೊಲಿದು ಒಯ್ದೆ. ನನ್ನನ್ನು ಮೂಕಮ್ಮ ಎಂದೇ ಕರೆಯುತ್ತಿದ್ದ ಹಿರಿಯ ಅಡುಗೆ ಭಟ್ಟರು ಹುಬ್ಬು ಗಂಟಿಕ್ಕಿದರು.

"ಒಣ ಬಟ್ಟೆ ಒಳಗೆ ತರಬೇಡಿ. ಕೈ ಸುಟ್ಕೊಳ್ಳದೆ ಯಾರು ಅಡುಗೆ ಕಲ್ತಿದ್ದಾರೆ?"

ನಾನು ತುಂಡುಗಳನ್ನು ಅವರ ಮುಂದೆ ಹಿಡಿದೆ. "ಭಟ್ರೇ, ಧಾಬಳಿ ಉಟ್ಟು ಪೂಜೆ ಮಾಡಬಹುದು ಅಂದ್ರೆ, ಅದನ್ನ ಹಿಡಿದು ಅನ್ನ ಇಳಿಸಬಾರದಾ? ಅಕ್ಕನಿಗೆ ಮತ್ತೆ ಒದ್ದೆ ಬಟ್ಟೆ ಕೊಟ್ರೆ, ಇನ್ನೊಂದು ಕಡೆ ನಾನು ಹಿಡಿಯೋದಿಲ್ಲ."

ಭಟ್ಟರು ತಾವೇ ಎರಡು ತುಂಡು ತೆಗೆದುಕೊಂಡು ಸಾರಿನ ಪಾತ್ರೆ ಇಳಿಸಿದರು. ಅಂಗೈ ತಿರುಗಿಸಿ ನೋಡಿಕೊಂಡರು. "ಮೂಕಮ್ಮ ಬಾಯಿ ಬಿಟ್ಟ ಮೇಲೆ ಕೇಳಲೇಬೇಕಲ್ಲ" ಎಂದರು.

ಅಕ್ಕ ಮರಳಿದ ದಿನ ನಾವಿಬ್ಬರೇ ಅನ್ನ ಬಸಿದೆವು. ಅವರು ಅವಸರಪಡಲಿಲ್ಲ, ತುಟಿ ಕಚ್ಚಲಿಲ್ಲ. ತಪ್ಪಲೆ ನೆಲಕ್ಕಿಟ್ಟು, ಎರಡೂ ಅಂಗೈಗಳನ್ನು ನನ್ನ ಕೆನ್ನೆಗೆ ಒತ್ತಿದರು. ಬೆಚ್ಚಗಿದ್ದವು, ಅಷ್ಟೆ.

ನೀವು ಕನ್ನಡವನ್ನು ತಡವರಿಸಿ ಓದುತ್ತೀರಿ, ಪರವಾಗಿಲ್ಲ. ಈ ಹಾಳೆಗಳನ್ನು ಅಂದು ಹೊಲಿದ ಒಂದು ತುಂಡಿನಲ್ಲೇ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಕೆಲಸಕ್ಕೆ ಸೇರುವ ದಿನ ತೆಗೆದು ಓದಿ. ಓದಿದ ಮೇಲೆ ಮರೆಯದೆ ಅದರಲ್ಲೇ ಸುತ್ತಿಡಿ.