ಈರಮ್ಮ ಎಳೆದ ಸುಣ್ಣದ ಗೆರೆ

“ಕಟ್ಟಿ ಎಲ್ಲಾ ಚಲೋ ಅದಾವ್ ಬಿಡ್ರಿ ಸಾಹೇಬ್ರ. ಮುಂಜಾನಿಂದ ಸಂಜಿತನಕ ಇಲ್ಲೇ ಕುಂದ್ರೋ ನಾವು ಹೆಣ್ಮಕ್ಕಳು ಎದ್ದು ಎಲ್ಲಿಗೆ ಹೋಗಬೇಕ್ರೀ?”

ಸೊಪ್ಪು ಮಾರುವ ಈರಮ್ಮ ಹೀಗೆ ಕೇಳಿದ್ದೇ ತಡ, ಮಾನ್ವಿಯ ತರಕಾರಿ ಬಜಾರಿನಲ್ಲಿ ಸೇರಿದ್ದ ಗಂಡಸರೆಲ್ಲ ನೆಲ ನೋಡತೊಡಗಿದರು. ಎಂಬತ್ತರ ದಶಕದ ಆರಂಭವದು. ಪುರಸಭೆ ಊರ ನಡುವಿನ ಬಜಾರನ್ನು ಹೊಸದಾಗಿ ಕಟ್ಟಿಸಲು ಹೊರಟಿತ್ತು. ಕಲ್ಲಿನ ಕಟ್ಟೆಗಳು ಎಲ್ಲೆಲ್ಲಿ ಬರುತ್ತವೆ ಎಂದು ಎಂಜಿನಿಯರು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿ, ವ್ಯಾಪಾರಿಗಳ ಅಭಿಪ್ರಾಯ ಕೇಳುತ್ತಿದ್ದರು. ಪುರಸಭೆಯಲ್ಲಿ ಟೈಪಿಸ್ಟಳಾಗಿದ್ದ ನಾನು ಅದನ್ನು ಬರೆದುಕೊಳ್ಳುತ್ತಿದ್ದೆ. ನನ್ನ ಪೆನ್ನು ನಿಂತೇ ಹೋಯಿತು.

ಎಂಜಿನಿಯರು ಸುಣ್ಣದ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು.

“ಎಲ್ಲಿ ಬೇಕು, ಎಷ್ಟು ಬೇಕು, ನೀನ ಗೀಟು ಹಾಕು ಯವ್ವಾ.”

ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇವಿನ ಮರದ ಹಿಂದಿನ ಖಾಲಿ ಜಾಗದಲ್ಲಿ ಗೆರೆ ಎಳೆಯತೊಡಗಿದಳು. “ಇನ್ನ ಜರಾ ದೊಡ್ಡದು ಹಾಕು ಬೇ!” ಎಂದು ಕೂಗುತ್ತಾ ಉಳಿದ ಹೆಂಗಸರು ಬುಟ್ಟಿ ಬಿಟ್ಟು ಓಡಿಬಂದರು. ನಾನೂ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದೆ. ಗೆರೆ ಸೊಟ್ಟಗಿತ್ತು. ಎಂಜಿನಿಯರು ಅದನ್ನು ಅಳಿಸಲಿಲ್ಲ, ಟೇಪು ಹಿಡಿದು ಅಳತೆ ತೆಗೆದುಕೊಂಡರು. ಹೊಸ ಬಜಾರಿನಲ್ಲಿ ಮೊದಲು ಎದ್ದ ಗೋಡೆ ಹೆಂಗಸರ ಪಾಯಖಾನೆಯದೇ!

ಅಂಥ ಮಾತು ನನ್ನ ಬಾಯಿಯವರೆಗೂ ಬಂದು ನಾಚಿಕೆಯಿಂದ ಎಷ್ಟೋ ಸಲ ವಾಪಸಾಗಿತ್ತು. ಆ ದಿನದ ನಂತರ, ನಿವೃತ್ತಿಯಾಗುವವರೆಗೂ, ಗಂಡಸರೇ ತುಂಬಿದ ಯಾವ ಸಭೆಯಲ್ಲೂ ನಾನು ಬಾಯಿ ಮುಚ್ಚಿ ಕೂರಲಿಲ್ಲ.