ಮಾವನ ಎಡೆಗೆ ಉಪ್ಪು

ಕೋಗಿಲಿನ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಯಾರೂ ಊಟದಲ್ಲಿ ಉಪ್ಪು ಕೇಳಿದ್ದಿಲ್ಲ. ಕೇಳುವ ಹಾಗೇ ಇರಲಿಲ್ಲ. ಮಾವನಿಗೆ ಬಿಪಿ ಜಾಸ್ತಿ ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತೆ ಇಡೀ ಮನೆಗೇ ಪಥ್ಯ ಹಾಕಿಬಿಟ್ಟರು. ಮೊದಮೊದಲು ನಾವೆಲ್ಲ ತಟ್ಟೆಗೆ ಒಂದು ಚಿಟಿಕೆ ಮೇಲುಪ್ಪು ಹಾಕಿಕೊಳ್ಳುತ್ತಿದ್ದೆವು. ಮಾವ ನಮ್ಮ ತಟ್ಟೆಯನ್ನೇ ನೋಡುತ್ತಾ ಕೂರುತ್ತಾರೆ ಎಂದು ಅದಕ್ಕೂ ಕತ್ತರಿ ಬಿತ್ತು.

ಮಾವನೇನು ಸುಮ್ಮನಿರುವ ಪೈಕಿಯಲ್ಲ. ಸಂಜೆ ವಾಕಿಂಗ್ ಎಂದು ಹೇಳಿ ಹೊರಟವರು ಯಲಹಂಕದಲ್ಲಿ ಬೋಂಡ ತಿಂದು, ಮೀಸೆ ಒರೆಸಿಕೊಂಡು ಸಾಧುವಿನಂತೆ ಬರುತ್ತಿದ್ದರು. ಅತ್ತೆ ಹತ್ತಿರ ಹೋಗಿ ಮೂಸಿದರೆ ಮುಗಿಯಿತು, ಬಂಡವಾಳ ಬಯಲು. ಹಬ್ಬ ಬಂತೆಂದರೆ ಇಬ್ಬರಿಗೂ ಜಟಾಪಟಿ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟಕ್ಕೆ ಕೂತು ಮಾವ ಗೋಗರೆಯುತ್ತಿದ್ದರು, ಇವತ್ತೊಂದಿನ ಸರಿಯಾಗಿ ಉಪ್ಪು ಹಾಕೇ ಎಂದು. ಹಬ್ಬ ಅಂತ ನಿಮ್ಮ ಬಿಪಿ ರಜಾ ತಗೊಂಡಿದೆಯಾ ಎಂದು ಅತ್ತೆ ಸೌಟು ಹಿಡಿದೇ ಕೇಳುತ್ತಿದ್ದರು. ಮಾವ ಬೈದುಕೊಂಡೇ ಮುದ್ದೆ ಮುರಿಯುತ್ತಿದ್ದರು. ಎರಡನೆಯ ಮುದ್ದೆಗೂ ತಟ್ಟೆ ಒಡ್ಡುತ್ತಿದ್ದರು, ಅದು ಬೇರೆ ಮಾತು.

ನನ್ನ ತವರು ದಾವಣಗೆರೆ ಕಡೆ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಹಿರಿಯರಿಗೆ ಹೋಳಿಗೆ ತುಪ್ಪ ಬಡಿಸಿ ಕೈ ಮುಗಿದರೆ ಆಯಿತು. ಇಲ್ಲಿ ಹಾಗಲ್ಲ. ತೀರಿಹೋದವರು ಬದುಕಿದ್ದಾಗ ಏನೇನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದೆಲ್ಲ ಎಡೆಗೆ ಬರಬೇಕು. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ, ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬೀಡಿ ಕಂಡು ಮದುವೆಯಾದ ಹೊಸದರಲ್ಲಿ ನಾನು ನಕ್ಕು ಅತ್ತೆಯ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೆ. ಎಡೆ ಇಟ್ಟು ಧೂಪ ಹಾಕಿದ ಮೇಲೆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅಲ್ಲಿಯವರೆಗೆ ಅಡುಗೆಯನ್ನು ಯಾರೂ ರುಚಿ ನೋಡುವ ಹಾಗಿಲ್ಲ. ನೋಡಿದರೆ ಎಂಜಲಾಯಿತು ಎಂದೇ ಲೆಕ್ಕ.

ಮಾವ ತೀರಿಕೊಂಡ ಮೇಲಿನ ಮೊದಲ ಹಿರಿಯರ ಹಬ್ಬಕ್ಕೆ ಅತ್ತೆ ನನ್ನನ್ನು ಒಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ನನ್ನ ಗಂಡ ಬೆಳಿಗ್ಗೆಯೇ ಕ್ಯೂ ನಿಂತು ಮಟನ್ ತಂದಿದ್ದರು. ಅದರಲ್ಲಿ ಮೂಳೆ ಕಮ್ಮಿ, ಅವರಪ್ಪನಿಗೆ ಮೂಳೆ ಚೀಪುವುದೇ ಇಷ್ಟ ಎಂದು ಅತ್ತೆ ಇನ್ನೊಂದು ಸಲ ಓಡಿಸಿದರು. ಮಸಾಲೆ ಹುರಿಯುತ್ತಾ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ‘ಇವತ್ತು ಅವರಿಗೆ ಪಥ್ಯ ಇಲ್ಲ, ಏನಿಲ್ಲ. ಬಾಯಿಗೆ ರುಚಿಯಾಗಿ ಉಣ್ಲಿ’ ಎಂದರು. ಸಾರು ಕುದಿಯುವಾಗ ಉಪ್ಪು ಹಾಕಿ, ಒಂದು ಗಳಿಗೆ ಯೋಚಿಸಿ, ಮತ್ತೊಂದು ಚಿಟಿಕೆ ಹಾಕಿದರು. ನಾನು ನೋಡುತ್ತಲೇ ಇದ್ದೆ. ಧಾರಾಳವಾಯಿತು ಎಂದೇ ಅನ್ನಿಸಿತು.

ಎಡೆ ಇಟ್ಟೆವು, ಹೊರಗೆ ಕೂತೆವು, ಬಾಗಿಲು ತೆಗೆದು ಕೈ ಮುಗಿದೆವು. ಆಮೇಲೆ ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತೆವು. ಹೆಸರಘಟ್ಟದಿಂದ ಮಾವನ ತಂಗಿಯೂ ಬಂದಿದ್ದರು. ಮಡಿ, ಶಾಸ್ತ್ರ, ಎಂಜಲು ಎಂದು ಎಲ್ಲದಕ್ಕೂ ಗದರುವ ಹೆಂಗಸು. ಮೊದಲ ತುತ್ತು ನುಂಗಿ ಮೆಲ್ಲಗೆ ಕೇಳಿದರು.

‘ಅತ್ಗೆ, ಸಾರಿಗೆ ಉಪ್ಪೇ ಬಿದ್ದಿಲ್ವಲ್ಲ?’

ನಾವು ಮನೆಯವರು ಮುಖಮುಖ ನೋಡಿಕೊಂಡೆವು. ನಮಗಾರಿಗೂ ಗೊತ್ತೇ ಆಗಿರಲಿಲ್ಲ. ನಮ್ಮ ನಾಲಿಗೆಯೆಲ್ಲ ಎಂದೋ ಸಪ್ಪೆಗೆ ಒಗ್ಗಿಹೋಗಿತ್ತು, ಅತ್ತೆಯ ಕೈಯೂ ಅಷ್ಟೆ. ಹೋಗಲಿ ಬಿಡತ್ಗೆ, ಅಣ್ಣನಿಗೂ ಇದೇ ಅಭ್ಯಾಸವಾಗಿತ್ತಲ್ಲ ಎಂದು ಆಕೆ ಸಮಾಧಾನ ಹೇಳಲು ಹೋಗಿ ಇನ್ನಷ್ಟು ಕೆಡಿಸಿದರು. ಅತ್ತೆಯ ಮುಖ ನೋಡಲಾಗಲಿಲ್ಲ.

‘ಇದ್ದಾಗ್ಲೂ ಇಂಗೇ ತಿನ್ನಿಸ್ದೆ,’ ಎಂದರು ನನ್ನ ಕಡೆ ತಿರುಗಿ. ‘ಇವತ್ತೂ ಸಪ್ಪೆ ಸಾರೇ ಬಡಿಸಿ ಕಳಿಸ್ಬಿಟ್ನಲ್ಲೇ.’

ಆ ಪಥ್ಯದಿಂದಲೇ ಅಲ್ಲವೇ ಅವರು ಇಷ್ಟು ವರ್ಷ ಓಡಾಡಿಕೊಂಡಿದ್ದದ್ದು ಎನ್ನಬೇಕೆನಿಸಿತು.

ಅಷ್ಟರಲ್ಲಿ ಅತ್ತೆ ಎದ್ದು ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದು ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಎಡೆಯ ಮುಂದೆ ಕೂತು, ದೊನ್ನೆಯ ಸಾರಿಗೆ ಉಪ್ಪು ಹಾಕಿ, ಬೆರಳಲ್ಲಿ ಕಲಸಿ, ಆ ಬೆರಳನ್ನು ಬಾಯಿಗಿಟ್ಟುಕೊಂಡರು. ಸಾಲಲಿಲ್ಲವೇನೋ, ಇನ್ನಷ್ಟು ಹಾಕಿದರು. ಮತ್ತೆ ರುಚಿ ನೋಡಿದರು. ನಾನು ಹೆದರಿ ಮಾವನ ತಂಗಿಯ ಮುಖ ನೋಡಿದೆ. ಆಕೆ ತಲೆ ತಗ್ಗಿಸಿ ಕೂತಿದ್ದರು.

‘ಈಗ ಸರಿಯಾಗೈತೆ. ಊಟ ಮಾಡಿ,’ ಎಂದು ಎಡೆಯ ಹಿಂದಿದ್ದ ಮಾವನ ಫೋಟೋಗೆ ಹೇಳಿ, ಅತ್ತೆ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಹೊಸ್ತಿಲ ಬಳಿ ಕೂತರು. ಅವರು ಮತ್ತೆ ಬಾಗಿಲು ತೆಗೆಯುವವರೆಗೆ ನಾವು ಯಾರೂ ತುತ್ತು ಎತ್ತಲಿಲ್ಲ.